ಕಾಟಿಗೆಂದು ಹಾಕಿಸಿದ ಬಂಪರ್ ಗಾರ್ಡ್ ಏರ್‌ಬ್ಯಾಗ್‌ಗೆ ಅಡ್ಡಿಯಾಗುತ್ತಾ? ಘಾಟಿ ಹತ್ತುವ ಮುನ್ನ ಇದನ್ನು ಓದಿ

ಮಂಗಳೂರು: "ಶಿರಾಡಿಯಲ್ಲಿ ರಾತ್ರಿ ಹೋಗ್ಲಿಕ್ಕುಂಟು, ಕಾಟಿ-ಹಂದಿ ಅಡ್ಡ ಬರ್ತದೆ, ಎದುರು ಒಂದು ಗಟ್ಟಿ ಗಾರ್ಡ್ ಹಾಕಿಸಿದ್ರೆ ಒಳ್ಳೇದಲ್ವಾ?" ಹೊಸ ಕಾರು ತೆಗೆದವರು ಮೊದಲ ತಿಂಗಳೇ ಕೇಳುವ ಪ್ರಶ್ನೆ ಇದು. ಹಂಪನಕಟ್ಟೆ ಸುತ್ತಮುತ್ತ ಅಂಗಡಿ ಇಟ್ಟುಕೊಂಡು ಹಾಸನ, ಚಿಕ್ಕಮಗಳೂರು, ಬೆಂಗಳೂರು ಕಡೆಗೆ ಓಡಾಡುವವರಿಗಂತೂ ಇದು ಬರೀ ಶೋಕಿಯ ಮಾತಲ್ಲ. ಬಿ.ಸಿ.ರೋಡ್ ದಾಟಿ ಉಪ್ಪಿನಂಗಡಿ, ನೆಲ್ಯಾಡಿ, ಗುಂಡ್ಯ ಅಂತ ಮೇಲೆ ಹೋದ ಹಾಗೆ ಎರಡೂ ಬದಿ ಕಾಡು. ಚಾರ್ಮಾಡಿಯಲ್ಲೂ ಅದೇ ಕಥೆ. ಕಾರ್ಕಳದಿಂದ ಎಸ್.ಕೆ. ಬಾರ್ಡರ್ ಮೂಲಕ ಶೃಂಗೇರಿಗೆ ಹೋಗುವ ಹೆದ್ದಾರಿಯಂತೂ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿಂದಲೇ ಹಾದುಹೋಗುತ್ತದೆ.

ಕಾಡಿಗೆ ಹೋಗದಿದ್ದರೂ ಕಾಡೇ ಊರಿಗೆ ಬರುವುದುಂಟು. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ, ಮಂಗಳೂರು ಪೇಟೆಯೊಳಗೇ ಒಂದು ಕಾಟಿ ಓಡಾಡಿದ್ದು ನಮ್ಮಲ್ಲಿ ಹೆಚ್ಚಿನವರಿಗೆ ನೆನಪಿದ್ದೀತು. ಅರಿವಳಿಕೆ ಕೊಟ್ಟು ಹಿಡಿದು ಕಾಡಿಗೆ ಸಾಗಿಸಿದರೂ ಪಾಪ ಅದು ಉಳಿಯಲಿಲ್ಲ.

ಹಾಗಾಗಿ ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ಮಾತ್ರ ಹೆಚ್ಚಿನವರು ಅಂದುಕೊಂಡದ್ದಕ್ಕೆ ಉಲ್ಟಾ ಉಂಟು.

ಏರ್‌ಬ್ಯಾಗ್ ಯಾವಾಗ ಬಿಚ್ಚಿಕೊಳ್ಳುತ್ತದೆ?

ಮೊದಲು ಏರ್‌ಬ್ಯಾಗ್ ವಿಷಯ ಸ್ವಲ್ಪ ಸರಿಯಾಗಿ ತಿಳಿದುಕೊಳ್ಳಬೇಕು. ಬಂಪರಿಗೆ ಏನಾದರೂ ತಾಗಿದ ಕೂಡಲೇ ಸ್ವಿಚ್ ಒತ್ತಿದ ಹಾಗೆ ಏರ್‌ಬ್ಯಾಗ್ ತೆರೆದುಕೊಳ್ಳುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಕಾರಿನ ಮಧ್ಯಭಾಗದಲ್ಲಿ, ಗೇರ್ ಲಿವರ್ ಆಸುಪಾಸಿನಲ್ಲಿ, ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಅನೇಕ ಕಾರುಗಳಲ್ಲಿ ಮುಂಭಾಗದಲ್ಲೂ ಸೆನ್ಸರ್ ಇರುತ್ತದೆ. ಇವು ಸದಾ ಅಳೆಯುವುದು ಒಂದೇ ಸಂಗತಿ, ಕಾರಿನ ವೇಗ ಎಷ್ಟು ಹಠಾತ್ತಾಗಿ ಇಳಿಯಿತು ಅಂತ. ನೀವು ಎಷ್ಟೇ ಜೋರಾಗಿ ಬ್ರೇಕ್ ಒತ್ತಿದರೂ ಆಗದಷ್ಟು ಹಠಾತ್ತಾಗಿ ವೇಗ ಬಿದ್ದರೆ ಮಾತ್ರ ಅದು ಢಿಕ್ಕಿ ಅಂತ ಲೆಕ್ಕ.

ಸಾಮಾನ್ಯವಾಗಿ ಗಟ್ಟಿ ಕಾಂಕ್ರೀಟ್ ಗೋಡೆಗೆ 20ರಿಂದ 30 ಕಿ.ಮೀ. ವೇಗದಲ್ಲಿ ನೇರ ಗುದ್ದಿದಾಗ ಆಗುವಷ್ಟು ಪೆಟ್ಟು ಬಿದ್ದರೆ ಎದುರಿನ ಏರ್‌ಬ್ಯಾಗ್ ತೆರೆಯುವಂತೆ ಕಂಪನಿಯವರು ಹೊಂದಿಸಿರುತ್ತಾರೆ. ಮಾಡೆಲಿನಿಂದ ಮಾಡೆಲಿಗೆ ಇದು ಬದಲಾಗುತ್ತದೆ. ತೆರೆಯಬೇಕು ಅಂತ ತೀರ್ಮಾನವಾದರೆ ಸಣ್ಣ ಸ್ಫೋಟದಂತೆ ರಾಸಾಯನಿಕ ಉರಿದು ಗ್ಯಾಸ್ ತುಂಬುತ್ತದೆ. ಇಡೀ ಕೆಲಸ ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದೊಳಗೆ ಮುಗಿಯುತ್ತದೆ. ಕಣ್ಣು ಮಿಟುಕಿಸಲೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು.

ಈಗ ಪ್ರಾಣಿ ಅಡ್ಡ ಬಂದಾಗ ಏನಾಗುತ್ತದೆ ನೋಡಿ. ಜನ ತುಂಬಿದ ಸಣ್ಣ ಕಾರು 1,200 ಕಿಲೋ ಅಂತಿಟ್ಟುಕೊಳ್ಳಿ. 60ರ ವೇಗದಲ್ಲಿ ಹೋಗುತ್ತಿದೆ. ಎದುರು 80 ಕಿಲೋದ ಕಾಡುಹಂದಿ. ಗುದ್ದಿದಾಗ ಕಾರಿನ ವೇಗ ಕಡಿಮೆಯಾಗುವುದು ಬರೀ 4 ಕಿ.ಮೀ. ಅಷ್ಟು. ಬಂಪರ್ ಪುಡಿ, ರೇಡಿಯೇಟರ್ ಲೀಕ್, ಎಲ್ಲಾ ಆಗಬಹುದು. ಆದರೆ ಏರ್‌ಬ್ಯಾಗ್ ತೆರೆಯುವುದಿಲ್ಲ, ತೆರೆಯಬಾರದು ಕೂಡ. ಒಳಗಿದ್ದವರಿಗೆ ಅದರ ಅಗತ್ಯವೇ ಇಲ್ಲ. 200 ಕಿಲೋದ ಕಡವೆ ಆದರೆ ಕಾರಿನ ವೇಗ ಸುಮಾರು 9 ಕಿ.ಮೀ. ಇಳಿಯುತ್ತದೆ. ಆಗಲೂ ಏರ್‌ಬ್ಯಾಗ್‌ಗೆ ಕೆಲಸವಿಲ್ಲ. "ಇಷ್ಟು ದೊಡ್ಡ ಹಂದಿಗೆ ಗುದ್ದಿದ್ರೂ ಏರ್‌ಬ್ಯಾಗ್ ಓಪನ್ ಆಗ್ಲಿಲ್ಲ, ಕಂಪನಿಯವರು ಮೋಸ ಮಾಡಿದ್ದಾರೆ" ಅಂತ ವರ್ಕ್‌ಶಾಪಿನಲ್ಲಿ ಜಗಳ ಮಾಡುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಕಾಟಿಯದ್ದು ಬೇರೆ ಲೆಕ್ಕ. 800 ಕಿಲೋದ ಕಾಟಿಗೆ 60ರಲ್ಲಿ ಗುದ್ದಿದರೆ ಕಾಗದದ ಮೇಲೆ ಕಾರಿನ ವೇಗ 24 ಕಿ.ಮೀ. ಇಳಿಯಬೇಕು, ಅಂದರೆ ಏರ್‌ಬ್ಯಾಗ್ ತೆರೆಯುವ ಗಡಿಯಲ್ಲೇ. ಆದರೆ ಕಾಟಿ ಗೋಡೆಯಲ್ಲ ಮಾರಾಯ್ರೆ. ಬಲಿತ ಗಂಡು ಕಾಟಿಯ ಭುಜ ಐದೂವರೆ ಅಡಿಗಿಂತಲೂ ಮೇಲೆ. ಕಾರಿನ ಬಂಪರ್ ತಾಗುವುದು ಅದರ ಕಾಲಿಗೆ. ಕಾಲು ತಪ್ಪಿದ ಪ್ರಾಣಿಯ ಇಡೀ ಮೈ ಬಾನೆಟ್ ಮೇಲೆ ಹೊರಳಿ, ಎದುರಿನ ಗ್ಲಾಸಿಗೂ ಅದರ ಮೇಲಿನ ರೂಫಿಗೂ ಬಂದು ಬೀಳುತ್ತದೆ. ಸೆನ್ಸರ್ ಇರುವ ಕಡೆ ಪೆಟ್ಟು ಮೆತ್ತಗೆ, ಡ್ರೈವರ್ ತಲೆಯ ಎದುರು ಪೆಟ್ಟು ಭಯಂಕರ. ಏರ್‌ಬ್ಯಾಗ್ ತೆರೆಯಬಹುದು, ತಡವಾಗಿ ತೆರೆಯಬಹುದು, ತೆರೆಯದೇ ಇರಲೂಬಹುದು. ತೆರೆದರೂ ಗ್ಲಾಸ್ ಒಡೆದು ಒಳಗೆ ಬರುವ ಅರ್ಧ ಟನ್ ಭಾರವನ್ನು ಅದು ತಡೆಯಲಾರದು. ಅದನ್ನು ಮಾಡಿದ್ದು ನಿಮ್ಮ ತಲೆ ಸ್ಟೇರಿಂಗಿಗೆ ಬಡಿಯದಿರಲಿ ಅಂತ ಅಷ್ಟೇ.

ಸ್ವೀಡನ್ ದೇಶದಲ್ಲಿ ಮೂಸ್ ಎಂಬ ಉದ್ದ ಕಾಲಿನ ದೊಡ್ಡ ಪ್ರಾಣಿಯ ಕಾಟ ಇದೇ ರೀತಿಯದ್ದು. ಅಲ್ಲಿನ ಕಾರು ಕಂಪನಿಗಳು ಕೃತಕ ಮೂಸ್ ತಯಾರಿಸಿ, ಅದಕ್ಕೆ ಕಾರು ಗುದ್ದಿಸಿ, ಗ್ಲಾಸಿನ ಎರಡು ಬದಿಯ ಕಂಬ ಮತ್ತು ರೂಫನ್ನು ಗಟ್ಟಿ ಮಾಡುತ್ತಾ ಬಂದವು. ನಮ್ಮ ಕಾಟಿ ಅದಕ್ಕಿಂತಲೂ ಭಾರ.

ಗಾರ್ಡ್ ಎಲ್ಲಿ ತೊಂದರೆ ಕೊಡುತ್ತದೆ

ಕಾರಿನ ಮುಂಭಾಗ ಸುಲಭವಾಗಿ ನಜ್ಜುಗುಜ್ಜಾಗುತ್ತದೆ, "ಈಗಿನ ಕಾರು ಡಬ್ಬ, ಹಿಂದಿನ ಅಂಬಾಸಿಡರ್ ಗಟ್ಟಿ" ಅಂತ ಹೇಳುವವರು ಪ್ರತಿ ಗ್ಯಾರೇಜಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಆದರೆ ಮುಂಭಾಗ ಮುದುಡುವುದು ಬೇಕೆಂದೇ ಮಾಡಿದ್ದು. ಎದುರಿನ ಲೋಹ ಮಡಚಿಕೊಂಡಷ್ಟು ಹೊತ್ತು ಒಳಗಿನವರ ಮೇಲೆ ಬೀಳುವ ಪೆಟ್ಟು ನಿಧಾನವಾಗುತ್ತದೆ. ಎಷ್ಟು ಮಡಚಿದಾಗ ಏರ್‌ಬ್ಯಾಗ್ ತೆರೆಯಬೇಕು ಅನ್ನುವುದನ್ನು ಅದೇ ಮಾಡೆಲಿನ ಕಾರುಗಳನ್ನು ನಿಜವಾಗಿ ಗುದ್ದಿಸಿ ನೋಡಿ ನಿಶ್ಚಯಿಸಿರುತ್ತಾರೆ.

ಅದರ ಎದುರು ನೀವು ಕಬ್ಬಿಣದ ಗಾರ್ಡ್ ತಂದು ನೇರವಾಗಿ ಚಾಸಿಸ್‌ಗೆ ಬೋಲ್ಟ್ ಹಾಕಿದಿರಿ ಅಂತಿಟ್ಟುಕೊಳ್ಳಿ. ಆಗ ಪೆಟ್ಟು ಮಡಚಿಕೊಳ್ಳುವ ಭಾಗವನ್ನು ಬಿಟ್ಟು ಸೀದಾ ಚಾಸಿಸ್ ಮೂಲಕ ಒಳಗೆ ಹೋಗುತ್ತದೆ. ಕಂಪ್ಯೂಟರಿಗೆ ಸಿಗುವ ಲೆಕ್ಕವೇ ಬೇರೆ. ಸಣ್ಣ ಪೆಟ್ಟಿಗೇ ಹೆದರಿ ಏರ್‌ಬ್ಯಾಗ್ ಬಿಚ್ಚಬಹುದು. ಇಲ್ಲವೇ ಗಾರ್ಡ್ ಪೆಟ್ಟನ್ನು ಒಂದು ಕಡೆಗೆ ತಿರುಗಿಸಿ, ಎದುರಿನ ಸೆನ್ಸರಿಗೆ ಸುದ್ದಿ ತಡವಾಗಿ ಮುಟ್ಟಬಹುದು. ತಡ ಅಂದರೆ ನಿಮಿಷವಲ್ಲ, ಸೆಕೆಂಡಿನ ಒಂದು ಚೂರು. ಅಷ್ಟರಲ್ಲಿ ನಿಮ್ಮ ಎದೆ-ಮುಖ ಸ್ಟೇರಿಂಗ್ ಹತ್ತಿರ ಬಂದಾಗಿರುತ್ತದೆ. ಆ ಹೊತ್ತಿಗೆ ಗಂಟೆಗೆ 200-300 ಕಿ.ಮೀ. ವೇಗದಲ್ಲಿ ಉಬ್ಬಿ ಬರುವ ಚೀಲ ರಕ್ಷಣೆ ಕೊಡುವುದಿಲ್ಲ, ಗುದ್ದುತ್ತದೆ.

ಗಾರ್ಡ್ ಇರುವ ಎಲ್ಲ ಕಾರಿನಲ್ಲೂ ಏರ್‌ಬ್ಯಾಗ್ ಕೈಕೊಡುತ್ತದೆ ಅಂತಲ್ಲ. ಕೆಲವದರಲ್ಲಿ ಸರಿಯಾಗಿಯೇ ತೆರೆಯಬಹುದು. ಆದರೆ ನಿಮ್ಮ ಕಾರಿಗೆ, ಆ ವೆಲ್ಡಿಂಗ್ ಶಾಪಿನವರು ಮಾಡಿದ ಆ ಗಾರ್ಡ್ ಹಾಕಿ ಯಾರೂ ಗುದ್ದಿಸಿ ನೋಡಿಲ್ಲ. ಮೊದಲ ಪರೀಕ್ಷೆ ನಿಮ್ಮದೇ ಮನೆಮಂದಿ ಕೂತಿರುವಾಗ ಆಗುತ್ತದೆ.

"ಆಸ್ಟ್ರೇಲಿಯಾದಲ್ಲಿ ಎಲ್ಲ ಗಾಡಿಗೂ ಗಾರ್ಡ್ ಇರ್ತದಲ್ಲ?" ಅಂತ ಕೇಳುವವರಿದ್ದಾರೆ. ಹೌದು, ಕಾಂಗರೂ ಹಾವಳಿಗೆ ಅಲ್ಲಿ ಹಾಕುತ್ತಾರೆ. ಆದರೆ ಅಲ್ಲಿ ಅದಕ್ಕೆಂದೇ ಮಾನದಂಡ ಉಂಟು. ಒಳ್ಳೆಯ ತಯಾರಕರು ಪ್ರತಿ ಮಾಡೆಲಿಗೂ ಬೇರೆ ಗಾರ್ಡ್ ಮಾಡುತ್ತಾರೆ. ಗಾರ್ಡಿನ ಬ್ರಾಕೆಟ್ ಕೂಡ ಕಾರಿನ ಮುಂಭಾಗದಂತೆಯೇ ಮಡಚುವ ಹಾಗೆ ಇರುತ್ತದೆ, ಏರ್‌ಬ್ಯಾಗ್ ಜೊತೆ ಹೊಂದುತ್ತದೋ ಅಂತ ಪರೀಕ್ಷೆಯೂ ಆಗಿರುತ್ತದೆ. ಇಲ್ಲಿ ಗಾರ್ಡಿನ ಮೇಲೆ "ಏರ್‌ಬ್ಯಾಗ್ ಕಂಪಾಟಿಬಲ್" ಅಂತ ಸ್ಟಿಕ್ಕರ್ ಅಂಟಿಸಿ ಕೊಟ್ಟರೆ, ಯಾವ ಮಾಡೆಲಿನಲ್ಲಿ ಪರೀಕ್ಷೆ ಮಾಡಿದ್ದು, ವರದಿ ಎಲ್ಲಿ ಅಂತ ಕೇಳಿ ನೋಡಿ. ಇನ್ನು ಯುರೋಪಿನಲ್ಲಿ ಪರೀಕ್ಷೆಯಾಗದ ಗಟ್ಟಿ ಗಾರ್ಡ್‌ಗಳಿಗೆ 2005ರಲ್ಲೇ ಕಾನೂನು ತಂದು ಕಡಿವಾಣ ಹಾಕಿದರು, ಮುಖ್ಯವಾಗಿ ಪಾದಚಾರಿಗಳಿಗಾಗಿ.

ಹಾಗಾದರೆ ಗಾರ್ಡಿನಿಂದ ಲಾಭವೇ ಇಲ್ವಾ? ಉಂಟು, ಅದನ್ನೂ ಹೇಳಬೇಕು. ಹಂದಿ, ನಾಯಿ, ನರಿಯಂಥ ಸಣ್ಣ ಪ್ರಾಣಿಗೆ ತಾಗಿದಾಗ ಗಟ್ಟಿ ಗಾರ್ಡ್ ರೇಡಿಯೇಟರನ್ನೂ ಹೆಡ್‌ಲೈಟನ್ನೂ ಉಳಿಸುತ್ತದೆ. ರಾತ್ರಿ ಒಂದು ಗಂಟೆಗೆ ನೆಟ್‌ವರ್ಕ್ ಸಿಗದ ಘಾಟಿ ತಿರುವಿನಲ್ಲಿ ರೇಡಿಯೇಟರ್ ಒಡೆದು ನಿಲ್ಲುವುದು ಸಣ್ಣ ತಾಪತ್ರಯ ಅಲ್ಲ, ಹೆಂಗಸರು ಮಕ್ಕಳು ಜೊತೆಗಿದ್ದರಂತೂ ಕೇಳುವುದೇ ಬೇಡ. ಆದರೆ ಅಲ್ಲಿ ಉಳಿಯುವುದು ರಿಪೇರಿಯ ದುಡ್ಡು ಮತ್ತು ಸಮಯ. ಜೀವಕ್ಕೆ ಅಪಾಯ ಇರುವುದು ಕಾಟಿ, ಕಡವೆ, ಆನೆಯಂಥ ಎತ್ತರದ ಪ್ರಾಣಿಗಳಿಂದ. ಸೊಂಟದ ಎತ್ತರದ ಗಾರ್ಡ್ ಅಲ್ಲಿ ಮಾಡುವುದು ಕಾಲು ಮುರಿಯುವ ಕೆಲಸ, ಮೈ ಬರುವುದು ಗ್ಲಾಸಿಗೇ. ಬರೀ ಬಂಪರಿಗೆ ಸಿಕ್ಕಿಸಿದ ತೆಳು ಪೈಪಿನ ಗಾರ್ಡ್ ಆದರೆ ಅದೇ ಕಿತ್ತು ರೇಡಿಯೇಟರ್ ಒಳಗೆ ಹೊಕ್ಕೀತು.

ಬಂಪರ್ ಬಗ್ಗುವುದರಿಂದ ಇನ್ನೊಂದು ಜೀವ ಉಳಿಯುವುದೂ ಉಂಟು. 2023ರ ಆರಂಭದಲ್ಲಿ ನಮ್ಮ ಜಿಲ್ಲೆಯದ್ದೇ ಸುದ್ದಿ ದೇಶವೆಲ್ಲ ಓಡಾಡಿತ್ತು. ಸುಬ್ರಹ್ಮಣ್ಯದಿಂದ ಬರುತ್ತಿದ್ದ ಕಾರಿಗೆ ಬಳ್ಪದಲ್ಲಿ ನಾಯಿಯೊಂದು ಅಡ್ಡ ಬಂತು. ಇಳಿದು ಹುಡುಕಿದರೆ ನಾಯಿ ಕಾಣಲಿಲ್ಲ. ಪುತ್ತೂರಿನ ಕಬಕ ತಲುಪಿ ನೋಡಿದರೆ ಬಂಪರ್ ಒಡೆದು ಅದರ ಒಳಗೇ ನಾಯಿ ಕೂತಿದೆ! ಗ್ಯಾರೇಜಿನವರು ಬಂಪರ್ ಬಿಚ್ಚಿದಾಗ ಅದು ಜೀವಂತವಾಗಿ ಹೊರಗೆ ಬಂತು. ಅಲ್ಲಿ ಕಬ್ಬಿಣದ ಪೈಪ್ ಇದ್ದಿದ್ದರೆ ಏನಾಗುತ್ತಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ.

ಘಾಟಿಗೆ ಹಾಕಿದ್ದು, ಓಡುವುದು ಹಂಪನಕಟ್ಟೆಯಲ್ಲಿ

ಈ ಚರ್ಚೆಯಲ್ಲಿ ಯಾರೂ ಎತ್ತದ ಮಾತೊಂದಿದೆ. ನೀವು ಶಿರಾಡಿಗೆ ಹೋಗುವುದು ವರ್ಷಕ್ಕೆ ಎಷ್ಟು ಸಲ? ಹತ್ತು, ಹದಿನೈದು? ಉಳಿದ ದಿನವೆಲ್ಲ ಆ ಗಾರ್ಡ್ ಓಡಾಡುವುದು ಕ್ಲಾಕ್ ಟವರ್, ವೆನ್ಲಾಕ್ ಆಸ್ಪತ್ರೆ ಎದುರು, ಕೆ.ಎಸ್.ರಾವ್ ರಸ್ತೆ, ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಜನಜಂಗುಳಿಯ ನಡುವೆ. ಬಸ್ ಇಳಿದು ಓಡುವ ಕಾಲೇಜು ಮಕ್ಕಳು, ಔಷಧ ಚೀಟಿ ಹಿಡಿದು ರಸ್ತೆ ದಾಟುವ ವಯಸ್ಸಾದವರು, ಮಾರ್ಕೆಟಿಂದ ಚೀಲ ಹೊತ್ತು ಬರುವವರು.

ಪ್ಲಾಸ್ಟಿಕ್ ಬಂಪರ್, ಒಳಕ್ಕೆ ಬಗ್ಗುವ ಬಾನೆಟ್ ಇವೆಲ್ಲ ಮನುಷ್ಯನ ಮಂಡಿ, ಸೊಂಟ, ತಲೆಗೆ ಸ್ವಲ್ಪವಾದರೂ ಮೆತ್ತಗಾಗಲಿ ಅಂತ ಇರುವಂಥವು. ಕಬ್ಬಿಣದ ಪೈಪಿಗೆ ಆ ಕರುಣೆ ಇಲ್ಲ. 30ರ ವೇಗದಲ್ಲಿ ಬರೀ ಬಂಪರ್ ತಾಗಿದರೆ ಆಗುವ ಗಾಯಕ್ಕೂ ಗಾರ್ಡ್ ತಾಗಿದರೆ ಆಗುವ ಗಾಯಕ್ಕೂ ತುಂಬ ವ್ಯತ್ಯಾಸವಿದೆ. ಮಗುವಿಗಾದರೆ ಗಾರ್ಡ್ ತಾಗುವುದೇ ಎದೆ-ತಲೆಗೆ. ಕಾಟಿ ಎದುರಾಗುವ ಸಾಧ್ಯತೆ ಅಪರೂಪ, ಜನ ಎದುರಾಗುವುದು ದಿನಕ್ಕೆ ನೂರು ಸಲ. ನನ್ನ ಅಭಿಪ್ರಾಯ ಕೇಳಿದರೆ, ಪೇಟೆಯಲ್ಲಿ ಓಡುವ ಕಾರಿಗೆ ಗಾರ್ಡ್ ಬೇಡವೇ ಬೇಡ ಅನ್ನಲು ಈ ಒಂದು ಕಾರಣ ಸಾಕು.

ಕಾನೂನು, ಇನ್ಶೂರೆನ್ಸ್

ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಎಲ್ಲ ರಾಜ್ಯಗಳಿಗೆ ಪತ್ರ ಬರೆದು, ಅನಧಿಕೃತ ಕ್ರ್ಯಾಶ್ ಗಾರ್ಡ್, ಬುಲ್ ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳುವಂತೆ ಹೇಳಿತ್ತು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ತಯಾರಕರು ಕೊಟ್ಟ ಸ್ವರೂಪವನ್ನು ನಮ್ಮಿಷ್ಟಕ್ಕೆ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ ಮಾಲೀಕರಿಗೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ರಸ್ತೆಯಲ್ಲಿ ಗಾರ್ಡ್ ಹಾಕಿದ ಗಾಡಿ ಬೇಕಾದಷ್ಟು ಕಾಣುತ್ತವೆ, ಅದು ಬೇರೆ ಮಾತು.

ಇನ್ಶೂರೆನ್ಸ್ ವಿಷಯದಲ್ಲಿ ಎರಡು ಸಂಗತಿ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ಪ್ರಾಣಿಗೆ ಗುದ್ದಿ ನಿಮ್ಮ ಗಾಡಿಗೆ ಆದ ನಷ್ಟಕ್ಕೆ ಒಂದು ಪೈಸೆಯೂ ಬರುವುದಿಲ್ಲ. ಫುಲ್ ಇನ್ಶೂರೆನ್ಸ್ ಇರಬೇಕು. ಎರಡನೆಯದು, ಕಂಪನಿಗೆ ತಿಳಿಸದೆ ಗಾರ್ಡ್ ಹಾಕಿಸಿದ್ದರೆ ಕ್ಲೇಮಿನ ಹೊತ್ತಿಗೆ ತಕರಾರು ತೆಗೆಯಲು ಅವರಿಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಏರ್‌ಬ್ಯಾಗ್ ಒಮ್ಮೆ ತೆರೆದರೆ ಅದನ್ನು ಮಡಚಿ ಒಳಗಿಡಲು ಬರುವುದಿಲ್ಲ. ಚೀಲ, ಕಂಪ್ಯೂಟರ್, ಸೀಟ್‌ಬೆಲ್ಟ್ ಎಳೆಯುವ ಭಾಗ ಎಲ್ಲ ಹೊಸದಾಗಬೇಕು, ಬಿಲ್ ದೊಡ್ಡದೇ. ಸೆಕೆಂಡ್ ಹ್ಯಾಂಡ್ ಕಾರು ತೆಗೆಯುವವರು ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ಲೈಟ್ ಬಂದು ಕೆಲವು ಸೆಕೆಂಡಿನಲ್ಲಿ ಆರುತ್ತದಾ ನೋಡಿ. ಬರದೇ ಇದ್ದರೂ, ಆರದೇ ಇದ್ದರೂ ಎಡವಟ್ಟು.

ಅಂಗಡಿಯವರು ಇದನ್ನು ಗಮನಿಸಿ. ಹೊಸ ಕಾರುಗಳಿಗೆ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಪಕ್ಕದ ಸೀಟಿನದ್ದು 2021ರಲ್ಲಿ, ಹೊಸ ಮಾಡೆಲಿಗೆ ಏಪ್ರಿಲ್‌ನಿಂದ, ಹಳೆ ಮಾಡೆಲಿಗೆ ವರ್ಷದ ಕೊನೆಗೆ. ಈ ನಿಯಮ ಪ್ರಯಾಣಿಕರ ಕಾರಿಗೆ. ದಕ್ಕೆಯಿಂದ ಮೀನು, ಮಾರ್ಕೆಟಿಂದ ತರಕಾರಿ-ದಿನಸಿ ತುಂಬಿಕೊಂಡು ರಾತ್ರಿಯೇ ಘಾಟಿ ಹತ್ತುವ ಪಿಕಪ್, ಟೆಂಪೋಗಳಿಗೆ ಅಲ್ಲ. ನಿಮ್ಮ ಡ್ರೈವರ್ ಹುಡುಗನಿಗೆ ಎದುರು ಚೀಲವೂ ಇಲ್ಲ, ಮುದುಡಲು ಉದ್ದದ ಮೂತಿಯೂ ಇಲ್ಲ. ಅವನಿಗಿರುವುದು ಸೀಟ್‌ಬೆಲ್ಟ್ ಒಂದೇ. "ಬೆಳಿಗ್ಗೆ ನಾಲ್ಕಕ್ಕೆ ಮಾಲು ಅಲ್ಲಿರ್ಬೇಕು" ಅಂತ ಹೇಳುವ ಮುನ್ನ ಅರ್ಧ ಗಂಟೆ ಹೆಚ್ಚು ಕೊಡಲು ಆಗುತ್ತದಾ ನೋಡಿ. ಬೈಕಿನವರಿಗೆ ಅದೂ ಇಲ್ಲ. ಹಳ್ಳಿ ರಸ್ತೆಯಲ್ಲಿ ಹಂದಿ ಅಡ್ಡ ಬಂದರೆ ಹೆಲ್ಮೆಟ್ ಒಂದೇ ಗತಿ.

ಹಾಗಾದರೆ ಮಾಡುವುದೆಂತ?

ವೇಗದ ಲೆಕ್ಕ ಒಂದನ್ನು ತಲೆಯಲ್ಲಿಟ್ಟುಕೊಳ್ಳಿ. ಮಳೆಗೆ ಒದ್ದೆಯಾದ ರಸ್ತೆಯಲ್ಲಿ, ಕಂಡು ಬ್ರೇಕ್ ಒತ್ತುವುದಕ್ಕೆ ಒಂದು ಸೆಕೆಂಡ್ ಹಿಡಿದರೆ, 40ರಲ್ಲಿ ಹೋಗುವ ಕಾರು ಸುಮಾರು 25 ಮೀಟರಿನಲ್ಲಿ ನಿಲ್ಲುತ್ತದೆ. 60ರಲ್ಲಿ 45 ಮೀಟರ್. 80ರಲ್ಲಿ 70 ಮೀಟರಿಗೂ ಹೆಚ್ಚು. ಡಿಮ್ ಲೈಟಿನಲ್ಲಿ ರಸ್ತೆ ಸರಿಯಾಗಿ ಕಾಣುವುದು 40-50 ಮೀಟರ್ ಅಷ್ಟೇ. ಅಂದರೆ 80ರಲ್ಲಿ ಹೋಗುವವನು ಕಾಟಿಯನ್ನು ಕಾಣುವ ಹೊತ್ತಿಗೇ ತಡವಾಗಿರುತ್ತದೆ. ಅದರಲ್ಲೂ ಕಾಟಿ ಕಪ್ಪು, ಒದ್ದೆ ಡಾಂಬರೂ ಕಪ್ಪು. ಜಿಂಕೆಯ ಕಣ್ಣು ಲೈಟಿಗೆ ಹೊಳೆಯುತ್ತದೆ, ಕಾಟಿಯ ತಲೆ ಡಿಮ್ ಬೆಳಕಿಗಿಂತ ಮೇಲೆ ಇರುತ್ತದೆ. ಮೊದಲು ಕಾಣುವುದು ಅದರ ಕಾಲಿನ ಬಿಳಿ ಸಾಕ್ಸ್‌ನಂಥ ಭಾಗ. ರಸ್ತೆ ಬದಿ ಬಿಳಿ ಗೂಟದ ಹಾಗೆ ನಾಲ್ಕು ಕಂಡರೆ ಕಾಲು ಬ್ರೇಕಿಗೆ ಹೋಗಲಿ. ಒಂದು ದಾಟಿದರೆ ಹಿಂದೆ ಇನ್ನೊಂದು ಬರುತ್ತದೆ ಅಂತಲೇ ತಿಳಿದು ಕಾಯಿರಿ. ಹಾರ್ನ್ ಬೇಡ, ಎದುರು ವಾಹನ ಇಲ್ಲದಾಗ ಹೈ ಬೀಮ್ ಇರಲಿ.

ಅಡ್ಡ ಬಂದೇಬಿಟ್ಟರೆ ಸ್ಟೇರಿಂಗ್ ತಿರುಗಿಸುವುದಕ್ಕಿಂತ ನೇರವಾಗಿ ಗಟ್ಟಿ ಬ್ರೇಕ್ ಹಿಡಿಯುವುದೇ ವಾಸಿ. ಘಾಟಿಯಲ್ಲಿ ಒಂದು ಬದಿ ಪ್ರಪಾತ, ಇನ್ನೊಂದು ಬದಿ ಎದುರಿನಿಂದ ಬರುವ ಬಸ್ಸು. 60ರಿಂದ 30ಕ್ಕೆ ಇಳಿಸಿಕೊಂಡು ಗುದ್ದಿದರೂ ಪೆಟ್ಟಿನ ಶಕ್ತಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ.

ಬೆಲ್ಟ್ ಹಿಂದಿನ ಸೀಟಿನವರಿಗೂ ಬೇಕು. ಸ್ಟೇರಿಂಗ್ ಮೇಲೆ ಬರೆದಿರುವ ಎಸ್‌ಆರ್‌ಎಸ್ ಅಕ್ಷರಗಳಲ್ಲಿ ಮೊದಲ ಎಸ್‌ಗೆ ಅರ್ಥವೇ "ಪೂರಕ" ಅಂತ. ಬೆಲ್ಟಿಗೆ ಪೂರಕ, ಬದಲಿಗೆ ಅಲ್ಲ. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಮುಂದೆ ಕೂರಬೇಡಿ, ಡ್ಯಾಶ್‌ಬೋರ್ಡ್ ಮೇಲೆ ಕಾಲು ಚಾಚಬೇಡಿ. ಇನ್ನೊಂದು ಮಾತು, ಬೇಸರ ಮಾಡಬೇಡಿ: ಎಡಗಡೆ ಏರ್‌ಬ್ಯಾಗ್ ಮುಚ್ಚಳದ ಮೇಲೆ ಅಂಟಿಸಿದ ದೇವರ ಮೂರ್ತಿ ಅದು ತೆರೆದಾಗ ಕಲ್ಲಿನ ಹಾಗೆ ಮುಖಕ್ಕೆ ಬರುತ್ತದೆ. ನಡುವಿನಲ್ಲಿ, ಕೆಳಗೆ ಇಡಿ.

ಈಗಾಗಲೇ ಗಾರ್ಡ್ ಹಾಕಿಸಿದವರು ಬಿಚ್ಚಿಸುವಾಗ ಕಂಪನಿ ವರ್ಕ್‌ಶಾಪಿನಲ್ಲೇ ಬಿಚ್ಚಿಸಿ, ಹಾಕುವಾಗ ಕೊರೆದ ತೂತು, ಸರಿಸಿದ ಸೆನ್ಸರ್ ವೈರ್ ಏನಾದರೂ ಇದ್ದರೆ ನೋಡಿಸಿಕೊಳ್ಳಿ.

ದೊಡ್ಡ ಗಾಡಿಯವರಿಗೂ ಒಂದು ಮಾತು. 2018ರ ಅಕ್ಟೋಬರ್ 8ರಂದು ಹುಣಸೂರು–ಗೋಣಿಕೊಪ್ಪ ರಸ್ತೆಯ ಮತ್ತಿಗೋಡು ಶಿಬಿರದ ಬಳಿ ಬಸ್ಸು ಗುದ್ದಿ ಸಾಕಾನೆ ರಂಗ ಸತ್ತಿತು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಲ್ಲಿಸಿದ್ದು ಇಂಥದ್ದಕ್ಕೇ. ನಮ್ಮ ಘಾಟಿಗಳಲ್ಲಿ ಹಾಗೆ ನಿಲ್ಲಿಸುವುದು ಕಷ್ಟ, ಬಂದರಿನ ಸರಕೆಲ್ಲ ಹೋಗುವುದು ಅದೇ ದಾರಿಯಲ್ಲಿ. ರಸ್ತೆ ನಾಲ್ಕು ಪಥವಾದಷ್ಟೂ ವೇಗ ಹೆಚ್ಚುತ್ತದೆ. ಪ್ರಾಣಿಗಳಿಗೆ ಕೆಳಗಿನಿಂದ ದಾಟಲು ದಾರಿ ಎಲ್ಲೆಲ್ಲಿ ಬಿಟ್ಟಿದ್ದಾರೆ ಅಂತ ಕೇಳುವ ಹಕ್ಕು ನಮಗಿದೆ.

ಢಿಕ್ಕಿ ಆಗಿಯೇ ಹೋದರೆ ಹಜಾರ್ಡ್ ಲೈಟ್ ಹಾಕಿ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಗಾಯಗೊಂಡ ಕಾಟಿ, ಹಂದಿಯ ಹತ್ತಿರ ಹೋಗಬೇಡಿ, ಅದು ಎದ್ದರೆ ನಿಮ್ಮ ಮೇಲೆಯೇ ಬರುತ್ತದೆ. ಸತ್ತ ಕಾಡುಪ್ರಾಣಿ ಕಾನೂನಿನ ಪ್ರಕಾರ ಸರಕಾರದ ಸೊತ್ತು, ಮಾಂಸಕ್ಕೆ ಕೈ ಹಾಕಿದರೆ ಅದು ಬೇರೆಯೇ ಕೇಸು. ಅರಣ್ಯ ಇಲಾಖೆಯ ಸಹಾಯವಾಣಿ 1926, ಹೆದ್ದಾರಿ ಸಹಾಯವಾಣಿ 1033, ತುರ್ತಿಗೆ 112. ಘಾಟಿಯಲ್ಲಿ ನೆಟ್‌ವರ್ಕ್ ಹೋಗುವ ಮುನ್ನವೇ ಈ ಮೂರನ್ನೂ ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ. ಕ್ಲೇಮಿಗೆ ಬೇಕಾಗುತ್ತದೆ, ಗಾಡಿ ಕದಲಿಸುವ ಮುನ್ನ ಎರಡು ಫೋಟೋ ತೆಗೆದಿಡಿ.